ಇಸಕ್ಕಿಮುತ್ತು ಅಣ್ಣಾಚಿ ಪೋಸ್ಟರ್ ತಿದ್ದಿದ್ದು

ನಮ್ಮ ಊರಿನಲ್ಲಿ ಒಬ್ಬ ಸತ್ತನೆಂದು ಡಾಕ್ಟರು ಹೇಳಿದರೆ ಅದು ಬರೀ ಸುದ್ದಿ. ಗೋಡೆಯ ಮೇಲೆ ಕಣ್ಣೀರಂಜಲಿ ಪೋಸ್ಟರ್ ಬಿದ್ದ ಮೇಲೆಯೇ ಅದು ಸಾವು. ನಡುವೆ ಸತ್ತವರ ದೊಡ್ಡ ಫೋಟೋ, ಎರಡೂ ಕಡೆ ಉರಿಯುವ ದೀಪ, ಮೇಲೆ ಮೂಲೆಯಲ್ಲಿ ಒಂದು ಕಣ್ಣು, ಆ ಕಣ್ಣಿನಿಂದ ಜಾರುವ ನೀರು, ಕೆಳಗೆ 'ದುಃಖದಲ್ಲಿರುವವರು' ಎಂದು ಬರೆದು ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು, ಬೀಗರು ಎಲ್ಲರ ಹೆಸರು. ಬಸ್ ನಿಲ್ದಾಣದಿಂದ ಸುಡುಗಾಡಿನ ತನಕ ಗೋಡೆ ಗೋಡೆಗೂ ಅದು ಬೀಳಬೇಕು. ಒಮ್ಮೆ ಬಿದ್ದರೆ ಮುಗಿಯಿತು, ಅದನ್ನು ಯಾರೂ ಹರಿಯುವಂತಿಲ್ಲ. ಬಿಸಿಲಿಗೆ ಸುಲಿದು, ಮೇಕೆ ತಿಂದು, ತಾನಾಗಿಯೇ ಹೋಗಬೇಕು.

ಇಷ್ಟೇ ಆಗಿದ್ದರೆ ನನಗೇನೂ ತಕರಾರಿರಲಿಲ್ಲ. ನಮ್ಮ ಬೀದಿಯಲ್ಲಿ ಇನ್ನೊಂದು ಕಟ್ಟಳೆ ಉಂಟು. ಹಿಂದೊಮ್ಮೆ ಇಬ್ಬರು ಬೀಗರು, ಹೆಣದ ಬಾಯಿಗೆ ಅಕ್ಕಿಕಾಳು ಹಾಕುವ ಸರದಿ ಯಾರದು ಮೊದಲು ಎಂದು ಹೊಡೆದಾಡಿಕೊಂಡು, ಚಟ್ಟದ ಬಿದಿರನ್ನೇ ಕಿತ್ತು ಒಬ್ಬರ ತಲೆ ಒಬ್ಬರು ಒಡೆದರು. ಅಂದಿನಿಂದ ನಮ್ಮ ಬೀದಿಯ ಹಿರಿಯ ವೈರವನ್ ನಾಟ್ಟಾಮೈ ತೀರ್ಪು ಕೊಟ್ಟುಬಿಟ್ಟ: "ಪೋಸ್ಟರಿನಲ್ಲಿ ಹೆಸರು ಹೇಗಿದೆಯೋ ಹಾಗೆ ಕೂಗ್ತೀನಿ. ಹೆಸರಿದ್ದವನು ಬಂದು ಅಕ್ಕಿ ಹಾಕಲಿ. ಇಲ್ಲದವನು ದೂರ ನಿಂತು ಕೈ ಮುಗೀಲಿ." ಆಮೇಲೆ ತಲೆ ಒಡೆಯುವುದು ನಿಂತಿತು. ಮನಸ್ಸು ಒಡೆಯುವುದಕ್ಕೆ ನಾಟ್ಟಾಮೈ ಹೊಣೆಯಲ್ಲ.

ಈ ಊರಿನ ಇಸಕ್ಕಿಮುತ್ತು ಅಣ್ಣಾಚಿಯ ಬಳಿ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಇತ್ತು. ಅಣ್ಣಾಚಿ ಹಾಲಿನ ಸಹಕಾರ ಸಂಘದಲ್ಲಿ ತಲೆಗುಮಾಸ್ತನಾಗಿ ನಿವೃತ್ತನಾದ ಮನುಷ್ಯ. ಆ ಕಂಪ್ಯೂಟರಿಗೆ ಅಂಚಿಗೆ ಕುಚ್ಚು ಇಟ್ಟು ಮುಸುಕು ಹೊಲಿದುಕೊಟ್ಟವನು ನಾನೇ, ಎದುರುಮನೆಯ ಟೈಲರ್. ಆಯುಧಪೂಜೆಗೆ ಅದರ ಹಣೆಗೆ ಗಂಧ ಕುಂಕುಮ ಬೀಳುತ್ತಿತ್ತು. ಅದರಿಂದ ಅಣ್ಣಾಚಿ ಏನು ಕೆಲಸ ಮಾಡುತ್ತಿದ್ದನೋ ನನಗೆ ತಿಳಿಯದು. ಇಸ್ಪೀಟು ಆಡುವುದನ್ನು ಮಾತ್ರ ಕಂಡಿದ್ದೇನೆ. ಆದರೆ ಟೀ ಅಂಗಡಿಯಲ್ಲಿ ಯಾರಾದರೂ ಫೋನಿನಲ್ಲಿ ಏನಾದರೂ ತೋರಿಸಿದರೆ ಸಾಕು, ಮೂಗು ಮುರಿಯುತ್ತಿದ್ದ. "ಫೋನು ಆಟದ ಸಾಮಾನು ಕಣಯ್ಯಾ. ಕೆಲಸ ಅಂದ್ರೆ ಡೆಸ್ಕ್‌ಟಾಪು. ಏನ್ ಬೇಕಾದ್ರೂ ತಗೊಂಡ್ ಬನ್ನಿ, ಕೂತು ಎದ್ದೇಳೋದ್ರಲ್ಲಿ ಮಾಡಿಕೊಡ್ತೀನಿ."

ಯಾರೂ ಏನನ್ನೂ ತೆಗೆದುಕೊಂಡು ಹೋಗಿರಲಿಲ್ಲ. ಹಾಗಾಗಿ ಅಣ್ಣಾಚಿಯ ಮಾನ ಉಳಿದುಕೊಂಡಿತ್ತು.

ಆ ಮಂಗಳವಾರ ಬೆಳಗಿನ ಜಾವ ಕಡಲೆಮಿಠಾಯಿ ಉಲಗನಾಥನ್ ಹಲ್ಲುಜ್ಜುತ್ತಾ ಕುಸಿದು ಬಿದ್ದು ಸತ್ತರು. ದೊಡ್ಡ ಮಗ ತಂಗದುರೈ ಅಳು ಮುಗಿಸುವ ಮೊದಲೇ ಪೋಸ್ಟರ್ ಮಾಡುವ ಜೆಬರಾಜನಿಗೆ ಫೋನ್ ಹಚ್ಚಿದ. ಜೆಬರಾಜ ವೇಲಾಂಗಣ್ಣಿಗೆ ಹರಕೆ ಹೊತ್ತು ಕಾಲ್ನಡಿಗೆಯಲ್ಲಿ ಹೊರಟಿದ್ದ. ಹಾಗಿದ್ದೂ ಪುಣ್ಯಾತ್ಮ ದಾರಿಬದಿಯ ಮರದಡಿ ಕೂತು ಪೋಸ್ಟರ್ ಮಾಡಿ, ಪಿಡಿಎಫ್ ಕಳಿಸಿ, ಫೋನಿನ ಜೀವ ಹೋಗುವ ತನಕ ಸೇವೆ ಮಾಡಿದ. ಫೋನು ಸತ್ತ ಮೇಲೆ ತಿಳಿಯಿತು, ಚೆನ್ನೈಯಿಂದ ಬರುವ ಕಿರಿಯ ಮಗನ ರೈಲು ತಡ. ಮೂರು ಗಂಟೆಗೆ ಹೆಣ ಎತ್ತುವಂತಿಲ್ಲ, ನಾಲ್ಕಾಗಬೇಕು. ಪೋಸ್ಟರಿನಲ್ಲಿ ಮೂರು ಎಂದಿದೆ.

ಚಪ್ಪರದ ಕೆಳಗೆ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅಲ್ಲಿ ಕುರ್ಚಿಯಲ್ಲಿ ಕೂತಿದ್ದ ಅಣ್ಣಾಚಿ ಗಂಟಲು ಸರಿಮಾಡಿಕೊಂಡ.

"ಮೂರನ್ನ ನಾಲ್ಕು ಮಾಡ್ಬೇಕು, ಅಷ್ಟೇ ತಾನೆ? ನನ್ನ ಹತ್ರ ಡೆಸ್ಕ್‌ಟಾಪ್ ಇದೆ."

"ಪಿಡಿಎಫ್ ಮಾಮಾ ಅದು. ತಿದ್ದಕ್ಕಾಗಲ್ಲ ಅಂತಾರೆ," ಎಂದ ತಂಗದುರೈ.

"ಯಾರಂತಾರೆ? ಫೋನ್ ಇಟ್ಕೊಂಡಿರೋರು ಅಂತಾರೆ."

ಸಾವಿನ ಮನೆಯಲ್ಲಿ ಯಾರು ಎದುರು ಮಾತನಾಡುತ್ತಾರೆ? ಪಿಡಿಎಫ್ ಅಣ್ಣಾಚಿಯ ಪಾಲಿಗೆ ಬಂತು. ಎದ್ದು ಪಂಚೆ ಕೊಡವಿಕೊಂಡು ಹೊರಟವನನ್ನು, ಹಿತ್ತಿಲ ಬಾಗಿಲಿನಿಂದ ಬಂದು ತಡೆದವಳು ಸತ್ತವರ ಹೆಂಡತಿ ಪೇಚಿಯಮ್ಮಾಳ್. ನಾನು ಜೊತೆಯಲ್ಲಿದ್ದೆ. ಆಕೆಯ ಕಣ್ಣಲ್ಲಿ ಅಷ್ಟೊತ್ತಿಗೆ ನೀರೇ ಉಳಿದಿರಲಿಲ್ಲ.

"ಅಣ್ಣಾಚಿ, ತಿದ್ದುವಾಗ ನನ್ ಮಗಳ ಹೆಸರೂ ಸೇರಿಸ್ಬಿಡಿ. ಮೂಲೆಯಲ್ಲಾದ್ರೂ ಸರಿ, ಇರುವೆ ಸಾಲಿನಷ್ಟು ಸಣ್ಣಗಾದ್ರೂ ಸರಿ. ಅಪ್ಪನ ಬಾಯಿಗೆ ಒಂದು ಕಾಳು ಅಕ್ಕಿ ಹಾಕ್ಲಿ. ಸಾತ್ತೂರಿನಿಂದ ಹೊರಟಿದ್ದಾಳೆ. ಹೆಸರಿಲ್ದಿದ್ರೆ ಬೀದಿ ತುದೀಲೇ ತಡೀತಾರೆ."

ಅಣ್ಣಾಚಿ ಬಿಳಿಚಿಕೊಂಡ. ಅದಕ್ಕೆ ಕಾರಣವಿತ್ತು. ಐದು ವರ್ಷದ ಹಿಂದೆ ಮಗಳು ಮಲರ್‌ಕೊಡಿ ಕೆರೆಯಾಚೆಯ ಬೀದಿಯ ಲಾರಿ ಡ್ರೈವರನನ್ನು ಮದುವೆಯಾದಳು. ಜಾತಿ ಬೇರೆ. ಮಾರನೆಯ ದಿನವೇ ಉಲಗನಾಥನ್ ಮಗಳಿಗೆ ಕಣ್ಣೀರಂಜಲಿ ಪೋಸ್ಟರ್ ಹಾಕಿಸಿದರು. ಹೌದು, ಬದುಕಿರುವ ಮಗಳಿಗೆ. ಕಾಲೇಜಿನ ಫೋಟೋ, ಎರಡೂ ಕಡೆ ದೀಪ, ಮೂಲೆಯಲ್ಲಿ ಕಣ್ಣು, 'ಅಕಾಲ ಮರಣ' ಎಂದು ಕೆಂಪಕ್ಷರ. ಬೀದಿಯವರೆಲ್ಲ ಬಂದು ಎದೆ ಬಡಿದುಕೊಂಡು ಅತ್ತು ಹೋದರು. ನನ್ನ ಹೆಂಡತಿಯೂ ಅತ್ತಳು. ಮೂರು ದಿನ ಸೂತಕ ಹಿಡಿದರು. ಆ ಮೂರೂ ದಿನ ಮಲರ್‌ಕೊಡಿ ಸಾತ್ತೂರಿನ ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ಕಡ್ಡಿ ತುಂಬುತ್ತಿದ್ದಳು. ಆಮೇಲೆ ಒಮ್ಮೆ ಊರಿಗೆ ಬಂದಾಗ ಎದುರಿಗೆ ಸಿಕ್ಕವರು ದೆವ್ವ ಕಂಡಂತೆ ಮುಖ ತಿರುಗಿಸಿದರು. "ಪೋಸ್ಟರ್ ಬಿದ್ದ ಮೇಲೆ ಬಿತ್ತು," ಎಂದ ನಾಟ್ಟಾಮೈ. "ಸತ್ತವಳು ಸತ್ತವಳೇ."

"ತಂಗಚ್ಚಿ, ತಂಗದುರೈಗೆ ಗೊತ್ತಾದ್ರೆ ನನ್ನ ಸಿಗಿದು ತೋರಣ ಕಟ್ತಾನೆ," ಎಂದ ಅಣ್ಣಾಚಿ.

"ಕಂಪ್ಯೂಟರಿನಲ್ಲಿ ಆಗಲ್ವಾ ಅಣ್ಣಾಚಿ? ಆಗಲ್ಲ ಅಂದ್ರೆ ಹೇಳ್ಬಿಡಿ, ನಾನು ಬೇರೆ ಯಾರನ್ನಾದ್ರೂ ಕೇಳ್ತೀನಿ."

ಆಕೆ ಬೇಕೆಂದು ಹೇಳಿದಳೋ, ಪಾಪ, ತಿಳಿಯದೆ ಹೇಳಿದಳೋ. ಬಾಣ ಮಾತ್ರ ಸರಿಯಾಗಿ ನಾಟಿತು. "ಆಗಲ್ಲ ಅಂತ ಯಾರಂದ್ರು?" ಎಂದು ಅಣ್ಣಾಚಿ ಎದೆಯುಬ್ಬಿಸಿದ. ಆಕೆ ಸೆರಗಿನ ತುದಿ ಹಿಡಿದು ಕೈ ಮುಗಿದಳು. 

ಮನೆಗೆ ಬಂದು ಮುಸುಕು ತೆಗೆದು, ಕಂಪ್ಯೂಟರಿಗೆ ಜೀವ ಬರಿಸಿ, ಪಿಡಿಎಫ್ ತೆರೆದರೆ ಉಲಗನಾಥನ್ ಪರದೆಯ ತುಂಬಾ ಮುಗುಳ್ನಗುತ್ತಾ ಬಂದರು. ಅಣ್ಣಾಚಿ ಮೂರರ ಮೇಲೆ ಬಾಣದ ಗುರುತು ಇಟ್ಟು ಒತ್ತಿದ. ಮೂರು ಅಲುಗಲಿಲ್ಲ. ಅಳಿಸುವ ಗುಂಡಿ ಒತ್ತಿದ, ಗಟ್ಟಿಯಾಗಿ ಒತ್ತಿದ, ಹೆಬ್ಬೆರಳಿನಿಂದ ಒತ್ತಿದ. ಮೂರು ಮೂರಾಗಿಯೇ ಇತ್ತು.

"ಇದಕ್ಕೆ ತಿದ್ದೋ ಸಾಫ್ಟ್‌ವೇರ್ ಬೇರೆ ಬೇಕು," ಎಂದು ಘೋಷಿಸಿದ.

"ಯಾವುದಾದ್ರೂ ಒಂದು ಹಾಕ್ಕೊಳ್ಳಿ ಅಣ್ಣಾಚಿ, ಹೊತ್ತಾಗ್ತಿದೆ," ಎಂದೆ.

ಅಣ್ಣಾಚಿ ನನ್ನ ಕಡೆ ನೋಡಿದ ನೋಟಕ್ಕೆ ನನ್ನ ಅಳತೆಪಟ್ಟಿ ಕುಗ್ಗಿಹೋಯಿತು. "ಯಾವುದಾದ್ರೂ ಒಂದಾ? ಮೂರು ಕೊಟೇಶನ್ ಇಲ್ದೆ ನಮ್ ಸಂಘಕ್ಕೆ ಒಂದು ಪೊರಕೆ ತಂದವನಲ್ಲ ನಾನು. ಮೂರು ನೋಡ್ಬೇಕು, ಹೋಲಿಕೆ ಪಟ್ಟಿ ಬರೀಬೇಕು, ಆಮೇಲೆ ಆರಿಸ್ಬೇಕು."

ಅಲ್ಲಿ ಚಪ್ಪರದ ಕೆಳಗೆ ಹೆಣ ಐಸ್ ಪೆಟ್ಟಿಗೆಯಲ್ಲಿ ಕಾಯುತ್ತಿದೆ. ಪರೆಯವರು ಬಂದು ಸಾವಿನ ತಮಟೆ ಬಡಿಯಲು ಶುರು ಮಾಡಿದ್ದಾರೆ. ಇಲ್ಲಿ ಅಣ್ಣಾಚಿ ಕಾಗದಕ್ಕೆ ಗೆರೆ ಎಳೆದು ಕೂತ. ಮೊದಲನೆಯದು ಕೆಂಪು ಗುರುತಿನದು. ಅದು ಪಿಡಿಎಫನ್ನು ತೆರೆದು ತೋರಿಸುತ್ತಿತ್ತು, ಮುಟ್ಟಿದರೆ ಹಣ ಕೇಳುತ್ತಿತ್ತು. "ನೋಡೋಕಷ್ಟೇ," ಎಂದು ಬರೆದುಕೊಂಡ. ಎರಡನೆಯದು ನೀಲಿ. ಅದು ಪುಕ್ಕಟೆ, ಆದರೆ ಅದರಲ್ಲಿ ಪುಟದ ಮೇಲೆ ಹಳದಿ ಚೀಟಿ ಅಂಟಿಸಬಹುದು, ಅಷ್ಟೆ. ಅಣ್ಣಾಚಿ ಪ್ರಯೋಗಕ್ಕೆಂದು ಉಲಗನಾಥನ್ ಹಣೆಗೆ ಒಂದು ಹಳದಿ ಚೀಟಿ ಅಂಟಿಸಿ, ಅದನ್ನು ಕೀಳಲು ಬಾರದೆ ಬೆವರಿದ. ಅಣ್ಣಾಚಿಯ ಹೆಂಡತಿ ಸೊರ್ಣಮ್ಮಾಳ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನ್ರೀ ಇದು, ಸತ್ತವರ ಹಣೆಗೆ ಬೆಲೆ ಚೀಟಿ ಹಚ್ಚಿದ್ದೀರಾ? ಎರಡು ಅಕ್ಷರ ತಿದ್ದೋಕೆ ನಮ್ಮ ಮಗಳಿಗೆ ಗಂಡು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ತಗೊಂಡ್ರಿ."

"ಅದಕ್ಕೇ ಆ ಅಳಿಯ ಹಾಗಿದ್ದಾನೆ," ಎಂದ ಅಣ್ಣಾಚಿ. ಆಕೆ ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಮೂರನೆಯದು ಹಸಿರು ಗುರುತಿನದು. ಅದು ಎಲ್ಲವನ್ನೂ ಮಾಡಿಕೊಡುತ್ತೇನೆ ಎನ್ನುತ್ತಿತ್ತು, ಟ್ರಯಲ್ ಎಂದು ಕೆಲವು ದಿನ ಪುಕ್ಕಟೆ. ಅಣ್ಣಾಚಿಯ ಮುಖ ಅರಳಿತು. ಆದರೆ ಹಾಕಿಕೊಳ್ಳುವ ಮೊದಲು ಕರಾರುಪತ್ರಕ್ಕೆ ಒಪ್ಪಿಗೆ ಕೊಡಬೇಕು. ಲೋಕದಲ್ಲಿ ಎಲ್ಲರೂ ಅದನ್ನು ಓದದೆ ಒಪ್ಪಿಗೆ ಒತ್ತುತ್ತಾರೆ. ಆದರೆ ಇವನು ತಲೆಗುಮಾಸ್ತ. ಕನ್ನಡಕ ಒರೆಸಿಕೊಂಡು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿದ, ಒಂದೊಂದು ಕಲಮಿಗೂ ನನ್ನ ಕಡೆ ನೋಡಿ "ಸಾಕ್ಷಿ?" ಎಂದು ಕೇಳಿದ. ನಾನು "ಸಾಕ್ಷಿ" ಎಂದೆ. "ಟ್ರಯಲ್ ಅವಧಿಯಲ್ಲಿ ಬಳಕೆದಾರನು ಮೂಲ ಅಕ್ಷರಗಳನ್ನು ಸ್ಥಳಾಂತರಿಸಿದಲ್ಲಿ ಸದರಿ ಅಕ್ಷರಗಳನ್ನು ಉಳಿಸುವ ಹೊಣೆ ಕಂಪನಿಯದಲ್ಲ" ಎಂಬ ಸಾಲನ್ನೂ ಓದಿದ. ನಾನು ಅದಕ್ಕೂ ಸಾಕ್ಷಿ ಎಂದೆ. ಇಬ್ಬರಿಗೂ ಅದರ ತಲೆಬುಡ ತಿಳಿಯಲಿಲ್ಲ. "ಇದು ನಮಗೆ ಅನ್ವಯಿಸಲ್ಲ," ಎಂದು ಮುಂದಕ್ಕೆ ಹೋದ.

ಹಸಿರು ಸಾಫ್ಟ್‌ವೇರಿನಲ್ಲಿ ಮೂರು ನಾಲ್ಕಾಯಿತು. ನಾವಿಬ್ಬರೂ ಕಿರುಚಿಬಿಟ್ಟೆವು. ಅಷ್ಟಕ್ಕೇ ನಿಲ್ಲಿಸಿ, ಮೂಲೆಯಲ್ಲಿ ಮಲರ್‌ಕೊಡಿಯ ಹೆಸರು ತುರುಕಿ ಕೈ ತೊಳೆದುಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆ ತಾಯಿ ಕೇಳಿದ್ದೂ ಮೂಲೆಯನ್ನೇ.

"ಮೂಲೆಯಲ್ಲಾ?" ಎಂದ ಅಣ್ಣಾಚಿ. "ಟೈಲರ್, ಉಲಗನಾಥನ್ ಮಕ್ಕಳಲ್ಲಿ ಯಾರು ಮೊದಲು ಹುಟ್ಟಿದ್ದು?"

"ಮಲರ್‌ಕೊಡೀನೇ. ತಂಗದುರೈ ಅವಳಿಗಿಂತ ಎರಡು ವರ್ಷ ಚಿಕ್ಕವನು."

"ಹಾಗಾದ್ರೆ ಜ್ಯೇಷ್ಠತಾ ಪಟ್ಟೀಲಿ ಅವಳೇ ಮೇಲೆ. ಮೂವತ್ತು ವರ್ಷ ಜ್ಯೇಷ್ಠತಾ ಪಟ್ಟಿ ಮಾಡಿದ ಕೈ ಇದು. ಚಿಕ್ಕವನನ್ನ ಮೇಲೆ ಹಾಕಿ ದೊಡ್ಡವಳನ್ನ ಕೆಳಗೆ ಹಾಕಿದ್ರೆ ಈ ಕೈಗೆ ಹುಳ ಬೀಳುತ್ತೆ."

"ಅಣ್ಣಾಚಿ, ಬೇಡ. ಹೆಸರು ಇದ್ರೆ ಸಾಕು."

"ನಿಯಮ ನಿಯಮವೇ ಕಣಯ್ಯಾ."

ಮೇಲೆ ಜಾಗ ಮಾಡಬೇಕಲ್ಲ, ಉಳಿದ ಹೆಸರುಗಳನ್ನೆಲ್ಲ ಒಟ್ಟಿಗೆ ಹಿಡಿದು ಕೆಳಕ್ಕೆ ಜರುಗಿಸಿದ. ಪರದೆಯ ಮೇಲೆ ಎಲ್ಲವೂ ಸೊಗಸಾಗಿ ಜರುಗಿದವು. ಖಾಲಿಯಾದ ಮೊದಲ ಸಾಲಿನಲ್ಲಿ 'ಮಗಳು: ಮಲರ್‌ಕೊಡಿ' ಎಂದು ಒಂದೊಂದೇ ಅಕ್ಷರ ಒತ್ತಿ ಬರೆದ. ಬರೆದು ಮುಗಿಸಿ ಅಣ್ಣಾಚಿ ಕನ್ನಡಕ ತೆಗೆದು ಮತ್ತೆ ಒರೆಸಿಕೊಂಡ.  ನಾವಿಬ್ಬರೂ ಆವತ್ತು ಅವಳ ಪೋಸ್ಟರ್ ಓದಿದವರೇ ಅಲ್ಲವೇ? ಆಮೇಲೆ ಉಳಿಸಿ, ಪ್ರೆಸ್ಸಿನ ಗುರುಸಾಮಿಗೆ ಕಳಿಸಿ, ಕಂಪ್ಯೂಟರಿಗೆ ಮುಸುಕು ಹಾಕಿದ.

ಗುರುಸಾಮಿ ಬಂದದ್ದನ್ನು ಅಚ್ಚು ಹಾಕುವವನೇ ಹೊರತು ಓದುವವನಲ್ಲ. ಸತ್ತವರ ಹೆಸರುಗಳನ್ನು ಓದಿ ಓದಿ ಊಟ ಸೇರುತ್ತಿರಲಿಲ್ಲವಂತೆ, ಅದಕ್ಕೇ ಬಿಟ್ಟನಂತೆ. ಅಂಟಿಸುವವರು ಅಂಟು ಬಕೆಟ್ಟಿನ ಜೊತೆಗೆ ಬೆಳಿಗ್ಗೆಯೇ ಗುಟುಕು ಏರಿಸಿದ್ದರು. ಊಟದ ಹೊತ್ತಿಗೆ ಉಲಗನಾಥನ್ ಊರಿನ ಗೋಡೆಗೋಡೆಯಲ್ಲೂ ಇದ್ದರು.

ನಾನು ಮೊದಲು ಕಂಡದ್ದು ನನ್ನ ಅಂಗಡಿಯ ಗೋಡೆಯ ಮೇಲೆ. ದೀಪ ಇತ್ತು, ಕಣ್ಣು ಇತ್ತು, ಉಲಗನಾಥನ್ ಇದ್ದರು. ಅವರ ಎದೆಯ ಮೇಲೆ ಓರೆಯಾಗಿ ದೊಡ್ಡ ಬೂದು ಅಕ್ಷರದಲ್ಲಿ 'ಟ್ರಯಲ್ ವರ್ಷನ್' ಎಂದು ಬಿದ್ದಿತ್ತು. ಕೆಳಗೆ 'ಸಂಜೆ ನಾಲ್ಕು ಗಂಟೆಗೆ'. 'ದುಃಖದಲ್ಲಿರುವವರು'. 'ಮಗಳು: ಮಲರ್‌ಕೊಡಿ'. ಅದರ ಕೆಳಗೆ ಬಿಳಿ. ಗಂಡುಮಕ್ಕಳಿಲ್ಲ, ಸೊಸೆಯರಿಲ್ಲ, ಬೀಗರಿಲ್ಲ, ಒಂದು ನರಪಿಳ್ಳೆಯ ಹೆಸರಿಲ್ಲ. ಜರುಗಿಸಿದ್ದೆಲ್ಲವೂ ಜರುಗಿ ಹೋಗಿತ್ತು. ನಾನು ಸಾಕ್ಷಿ ಹೇಳಿದ್ದ ಕಲಮು ಆಗ ನನಗೆ ಅರ್ಥವಾಯಿತು.

ಬೀದಿ ತುದಿಯಲ್ಲಿ ಒಬ್ಬಳು ಹೆಂಗಸು ಗೋಡೆಗೆ ಎದುರಾಗಿ ನಿಂತಿದ್ದಳು. ಮಾಸಿದ ಸೀರೆ, ಕೈಬೆರಳಿಗೆ ಬೆಂಕಿಕಡ್ಡಿಯ ಮದ್ದಿನ ಕಂದು ಬಣ್ಣ. ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಅಭ್ಯಾಸಬಲದಿಂದ ಮುಖ ತಿರುಗಿಸುವ ಮೊದಲೇ ನಾನು ಬಾಯಿ ಬಿಟ್ಟೆ, ದೇವರು ದೊಡ್ಡವನು.

"ಮಲರ್, ಬಾ ತಾಯೀ. ಅಂಗಡಿಯೊಳಗೆ ಬಾ."

"ಮಾಮಾ, ಉಳಿದವರೆಲ್ಲ ಏನಾದ್ರು?" ಎಂದಳು. ಬಸ್ ನಿಲ್ದಾಣದಿಂದ ಪ್ರತಿ ಗೋಡೆಯನ್ನೂ ಓದಿಕೊಂಡು ಬಂದಿದ್ದಳು. "ಅಮ್ಮನಿಗೇನಾದ್ರೂ ಆಯ್ತಾ? ತಮ್ಮಂದಿರು ಅಪ್ಪನ್ನ ಬಿಟ್ಬಿಟ್ರಾ? ಅಪ್ಪನಿಗೆ ನಾನೊಬ್ಬಳೇನಾ ಉಳಿದಿರೋದು?"

ನಾನು ಅವಳನ್ನು ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ಕೂರಿಸಿ, ನೀರು ಕೊಟ್ಟು, ಕಂಪ್ಯೂಟರಿನ ಸಂಗತಿ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ನನಗೂ ಪೂರ್ತಿ ಆಗಿರಲಿಲ್ಲ.

ಅಷ್ಟರಲ್ಲಿ ಚಪ್ಪರದ ಕಡೆಯಿಂದ ತಂಗದುರೈಯ ಗರ್ಜನೆ ಕೇಳಿತು. ಓಡಿದೆ. ಅಣ್ಣಾಚಿಯ ಅಂಗಿಯ ಕಾಲರ್ ತಂಗದುರೈಯ ಮುಷ್ಟಿಯಲ್ಲಿತ್ತು.

"ಯೋವ್! ನಾನೆಲ್ಲಯ್ಯಾ? ನಮ್ಮಪ್ಪನ ಪೋಸ್ಟರಲ್ಲಿ ನಾನೆಲ್ಲಿ? ನನ್ನ ಮಾವ ಎಲ್ಲಿ? ಆ ಸತ್ತವಳು ಹೇಗೆ ಬಂದ್ಳು?"

"ಜ್ಯೇಷ್ಠತೆ ಪ್ರಕಾರ…" ಎಂದು ಅಣ್ಣಾಚಿ ಶುರುಮಾಡಿದ. ತಂಗದುರೈ ಒಂದು ಕೊಟ್ಟ. ಕನ್ನಡಕ ಐಸ್ ಪೆಟ್ಟಿಗೆಯ ಮೇಲೆ ಬಿತ್ತು.

ಬೀಗರು ಎದ್ದು ನಿಂತರು. "ಹೆಸರಿಲ್ಲದ ಮನೇಲಿ ನಮಗೇನು ಕೆಲಸ?" ಎಂದು ಶಲ್ಯ ಕೊಡವಿದರು. ಒಬ್ಬ ಮುದುಕ, ಯಾರ ಕಡೆಯವನೋ, ಪೋಸ್ಟರನ್ನೇ ದಿಟ್ಟಿಸುತ್ತಿದ್ದವನು, "ಟ್ರಯಲ್ ಅಂತಿದೆಯಲ್ಲಾ, ಸಾವಿಗೂ ಟ್ರಯಲ್ ಉಂಟಾ? ಎದ್ದು ಬರ್ತಾರಾ?" ಎಂದು ಕೇಳಿದ. ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು, ಕೂಡಲೇ ಅದನ್ನು ಅಳುವಾಗಿ ಮಾರ್ಪಡಿಸಿದರು.

"ಎಲ್ಲವನ್ನೂ ಹರಿದು ಹಾಕ್ರೋ!" ಎಂದು ತಂಗದುರೈ ಕೂಗಿದ.

ಯಾರೂ ಕದಲಲಿಲ್ಲ. ಅಪ್ಪನ ಮುಖವಿರುವ ಪೋಸ್ಟರು. ಅವನೇ ಒಂದರ ಅಂಚು ಹಿಡಿದ. ಉಲಗನಾಥನ್ ನಗುತ್ತಿದ್ದರು. ಹಿಡಿದ ಅಂಚನ್ನು ಬಿಟ್ಟುಬಿಟ್ಟ, ಅಲ್ಲೇ ಕುಕ್ಕರಿಸಿ ಕೂತು ದನದಂತೆ ಅತ್ತ. ನನಗೆ ಅವನ ಮೇಲೂ ಕನಿಕರ ಬಂತು, ಸುಳ್ಳೇಕೆ ಹೇಳಲಿ.

ನಾಲ್ಕಾಯಿತು. ಕಿರಿಯ ಮಗ ರೈಲಿಳಿದು ಬಂದ. ಅಕ್ಕಿಯ ತಟ್ಟೆ ಬಂತು. ನಾಟ್ಟಾಮೈ ಪದ್ಧತಿಯಂತೆ ಚಪ್ಪರದ ಕಂಬಕ್ಕೆ ಅಂಟಿಸಿದ್ದ ಪೋಸ್ಟರಿನ ಮುಂದೆ ನಿಂತು, ಕೈ ಹಿಂದಕ್ಕೆ ಕಟ್ಟಿಕೊಂಡು, ಬಾಯಿ ತೆರೆದ. ತೆರೆದ ಬಾಯಿ ಹಾಗೇ ಇತ್ತು.

"ಕೂಗಿ," ಎಂದರು ಯಾರೋ.

"ಇರಯ್ಯಾ. ಓದ್ತಿದ್ದೀನಿ."

"ಅದರಲ್ಲಿ ಓದೋಕೇನಿದೆ?" ಎಂದ ತಂಗದುರೈ. "ಅದು ತಪ್ಪು ಅಚ್ಚು. ನಾನು ಹಿರೀಮಗ. ನಾನು ಹಾಕ್ತೀನಿ ಅಕ್ಕಿ."

ನಾಟ್ಟಾಮೈ ಒಪ್ಪುವ ಮುಖ ಮಾಡಿದ. ಆಗ ಪೇಚಿಯಮ್ಮಾಳ್ ಹೆಂಗಸರ ನಡುವಿನಿಂದ ಎದ್ದಳು. ಮೂವತ್ತೈದು ವರ್ಷದಲ್ಲಿ ಆಕೆ ಗಂಡಸರ ಪಂಚಾಯಿತಿಯಲ್ಲಿ ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ.

"ನಾಟ್ಟಾಮೈ, ಒಂದು ಮಾತು. ಅವತ್ತು ನನ್ ಮಗಳು ಬದುಕಿದ್ದಾಳೆ ಅಂತ ನಾನು ನಿನ್ ಕಾಲ್ ಹಿಡಿದೆ. ಬೆಳಿಗ್ಗೆ ತಾನೇ ಫೋನಿನಲ್ಲಿ ಮಾತಾಡಿದ್ದಾಳೆ ಅಂದೆ. ಪೋಸ್ಟರ್ ಬಿದ್ದ ಮೇಲೆ ಬಿತ್ತು ಅಂದೆ ನೀನು. ನನ್ನ ಕೈಯಲ್ಲೇ ಸೂತಕದ ನೀರು ಸುರಿಸಿದೆ. ಬದುಕಿರೋ ಮಗಳಿಗೆ ನಾನು ಸತ್ತ ಸ್ನಾನ ಮಾಡಿದೆ. ಅವತ್ತು ಅದು ತಪ್ಪು ಅಚ್ಚು ಅಂತ ಈ ಬೀದೀಲಿ ಒಬ್ಬರಾದ್ರೂ ಅಂದ್ರಾ?"

ಪರೆಯವರು ಬಡಿಯುವುದನ್ನು ನಿಲ್ಲಿಸಿದ್ದರು.

"ಅವತ್ತಿನ ಪೋಸ್ಟರ್ ನಿಜವಾದ್ರೆ ಇದೂ ನಿಜ. ಇದು ಸುಳ್ಳಾದ್ರೆ ಅದೂ ಸುಳ್ಳು. ಯಾವುದು ಅಂತ ನೀನೇ ಹೇಳು. ಯಾವುದಾದ್ರೂ ನನ್ ಮಗಳು ಬರ್ತಾಳೆ."

ನಾಟ್ಟಾಮೈ ಮೀಸೆ ತಿರುವಿದ, ಆಕಾಶ ನೋಡಿದ, ಬೀಗರನ್ನು ನೋಡಿದ. ತನ್ನ ಅಷ್ಟು ವರ್ಷದ ತೀರ್ಪುಗಳೆಲ್ಲ ಗೋಡೆಯಿಂದ ಸುಲಿದು ಬೀಳುವುದು ಅವನಿಗೆ ಕಂಡಿರಬೇಕು. ಬದುಕಿರುವವಳನ್ನು ಬದುಕಿಸುವುದಕ್ಕಿಂತ ತನ್ನ ಮಾತು ಉಳಿಸಿಕೊಳ್ಳುವುದು ಅವನಿಗೆ ದೊಡ್ಡದು. ಅದೇ ಆ ದಿನ ನಮಗೆ ಒದಗಿತು. ಗಂಟಲು ಹರಿಯುವಂತೆ ಕೂಗಿದ: "ಮಗಳು, ಮಲರ್‌ಕೊಡಿ!"

ನಾನು ಅಂಗಡಿಗೆ ಓಡಿ ಪರದೆ ಸರಿಸಿದೆ. ಅವಳು ಹೊರಗೆ ಬಂದಳು. ಬೀದಿಯ ಎರಡೂ ಬದಿಯಲ್ಲಿ ನಿಂತಿದ್ದ ಹೆಂಗಸರು, ಅವಳಿಗಾಗಿ ಎದೆ ಬಡಿದುಕೊಂಡು ಅತ್ತಿದ್ದ ಅವರೇ ಹೆಂಗಸರು, ದಾರಿ ಬಿಟ್ಟರು. ಅವಳು ತಟ್ಟೆಯಿಂದ ಅಕ್ಕಿ ತೆಗೆದುಕೊಂಡು ಬಗ್ಗಿದಳು. ಅರ್ಧ ಅಕ್ಕಿ ಗಲ್ಲದ ಮೇಲೆ ಚೆಲ್ಲಿತು.

"ಅಪ್ಪಾ, ನಾನು ಸತ್ತಿಲ್ಲಪ್ಪಾ," ಎಂದಳು. "ನೋಡಪ್ಪಾ, ಸತ್ತಿಲ್ಲ."

ಆಮೇಲೆ ನಾಟ್ಟಾಮೈ ಉಳಿದವರನ್ನು ಬಾಯಿಗೆ ಬಂದ ಕ್ರಮದಲ್ಲಿ ಕರೆದ, ಎಲ್ಲರೂ ಅಕ್ಕಿ ಹಾಕಿದರು, ಹೆಣ ಎತ್ತಿದರು. ಮಲರ್‌ಕೊಡಿಗೆ ತಾಯಿಯ ಕೈ ಹಿಡಿದು ಕೂರಲು ಸಂಜೆ ತನಕ ಬಿಟ್ಟರು. ಸಂಜೆ ಸುಡುಗಾಡಿನಿಂದ ಬಂದ ತಂಗದುರೈ ಅಕ್ಕನ ಮುಖ ನೋಡದೆ, "ಕೊನೆ ಬಸ್ಸಿದೆ," ಎಂದ. ಅವಳ ಹಳೆಯ ಪೋಸ್ಟರು ಸುಳ್ಳೆಂದು ನಾಟ್ಟಾಮೈ ಹೇಳಿರಲಿಲ್ಲವಲ್ಲ, ಅವಳು ಎದ್ದು ಹೊರಟಳು.

ಕಥೆ ಇಲ್ಲಿಗೆ ಸಾಕೆಂದು ನಾನೂ ಅಂದುಕೊಂಡಿದ್ದೆ. ಆದರೆ ಹದಿನಾರನೆಯ ದಿನದ ಕರ್ಮ ಮುಗಿದ ಮರುಬೆಳಿಗ್ಗೆ ಹಾಲಿಗೆ ಹೊರಟ ಅಣ್ಣಾಚಿ, ಹಾಲಿನ ಸಂಘದ ಗೋಡೆಯ ಮುಂದೆ ಕಲ್ಲಾಗಿ ನಿಂತ. ಗೋಡೆಯ ಮೇಲೆ ಅವನೇ ಇದ್ದ. ಎರಡೂ ಕಡೆ ದೀಪ, ಮೂಲೆಯಲ್ಲಿ ಕಣ್ಣು, ನಡುವೆ ನಿವೃತ್ತಿಯ ದಿನ ಹಾರ ಹಾಕಿಸಿಕೊಂಡ ಫೋಟೋ. 'ಅಕಾಲ ಮರಣ'. ಕೆಳಗೆ 'ಡೆಸ್ಕ್‌ಟಾಪ್ ಇಸಕ್ಕಿಮುತ್ತು'. ದುಃಖದಲ್ಲಿರುವವರು ಯಾರೂ ಇರಲಿಲ್ಲ. ತಂಗದುರೈ ಮಾಡಿಸಿದ್ದೆಂದು ಹೇಳಲು ಜೋಯಿಸರು ಬೇಕಿರಲಿಲ್ಲ.

ಅಣ್ಣಾಚಿ ಮೊದಲು ನಕ್ಕ. "ಟ್ರಯಲ್ ಮುದ್ರೆ ಬಿದ್ದಿಲ್ಲ ನೋಡು, ಹಣ ಕಟ್ಟಿ ತಗೊಂಡಿದ್ದಾನೆ ಸಾಫ್ಟ್‌ವೇರು," ಎಂದು ನನಗೆ ಮೆಚ್ಚಿಕೊಂಡು ಹೇಳಿದ. ಟೀ ಅಂಗಡಿಯಲ್ಲಿ ಕೂತ. ಟೀ ಬರಲಿಲ್ಲ. ಇನ್ನೊಮ್ಮೆ ಕೇಳಿದ. ಅಂಗಡಿಯವನು ಅವನ ತಲೆಯ ಮೇಲಿನಿಂದ ರಸ್ತೆ ನೋಡುತ್ತಾ ಲೋಟ ತೊಳೆಯುತ್ತಿದ್ದ. ಕ್ಷೌರದಂಗಡಿಯಲ್ಲಿ ಕುರ್ಚಿ ಖಾಲಿಯಿದ್ದರೂ ಅವನ ಪಾಲಿಗೆ ಖಾಲಿಯಾಗಲಿಲ್ಲ. ನಾಟ್ಟಾಮೈಯ ಬಳಿ ಹೋಗಿ, "ನಾನು ಬದುಕಿದ್ದೀನಲ್ಲಯ್ಯಾ, ನಿನ್ನ ಮುಂದೆ ನಿಂತಿದ್ದೀನಲ್ಲ," ಎಂದ. ನಾಟ್ಟಾಮೈ ಪಕ್ಕದಲ್ಲಿದ್ದವನ ಕಡೆ ತಿರುಗಿ, "ಗಾಳಿ ಜೋರಾಗಿದೆ ಇವತ್ತು," ಎಂದನಂತೆ.

ಇದನ್ನೂ ಅವನು ತಡೆದುಕೊಳ್ಳುತ್ತಿದ್ದ. ಸೊರ್ಣಮ್ಮಾಳ್ ಪಕ್ಕದ ಬೀದಿಯ ಮದುವೆಗೆ ಹೋದಳು. ಕರೆ ಮೊದಲೇ ಬಂದಿತ್ತು. ಕುಂಕುಮ ಹೂವಿನ ತಟ್ಟೆ ಹಿಡಿದು ಸಾಲಾಗಿ ಎಲ್ಲ ಹೆಂಗಸರಿಗೂ ಕೊಡುತ್ತಾ ಬಂದವರು ಸೊರ್ಣಮ್ಮಾಳನ್ನು ದಾಟಿ ಮುಂದಿನವಳಿಗೆ ಕೊಟ್ಟರು. ಗಂಡ ಅಲ್ಲೇ ಕಂಬದ ಪಕ್ಕ ನಿಂತು ನೋಡುತ್ತಿದ್ದ. ಮನೆಗೆ ಬಂದು ಆಕೆ ಬೈಯಲಿಲ್ಲ, ಪಾತ್ರೆ ಎಸೆಯಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದವಳು ಎರಡು ದಿನ ಏಳಲಿಲ್ಲ. ಅಣ್ಣಾಚಿ ಕಂಪ್ಯೂಟರಿನ ಮುಸುಕು ತೆಗೆಯುವುದನ್ನೇ ಬಿಟ್ಟ. ನಾನು ಮಾತ್ರ ಹೋಗಿ ಬರುತ್ತಿದ್ದೆ, ಅದೂ ಹಿತ್ತಿಲ ಬಾಗಿಲಿನಿಂದ. ನನಗೂ ಗಿರಾಕಿಗಳು ಬೇಕಲ್ಲ. ಹೀಗೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮೂರನೆಯ ಬೆಳಿಗ್ಗೆ ನಾನು ಅಲ್ಲಿದ್ದಾಗ ಮುಂಬಾಗಿಲು ಬಡಿಯಿತು. ಆ ಬಾಗಿಲನ್ನು ಬಡಿದು ಎಷ್ಟೋ ದಿನವಾಗಿತ್ತು. ಅಣ್ಣಾಚಿ ತೆಗೆದ. ಮಲರ್‌ಕೊಡಿ ನಿಂತಿದ್ದಳು, ಬಾಳೆಲೆಯ ಪೊಟ್ಟಣ ಹಿಡಿದು. ಸಾತ್ತೂರಿನ ಬಸ್ಸಿನಿಂದಿಳಿದು ಬೀದಿಯ ನಟ್ಟನಡುವೆ ನಡೆದುಕೊಂಡು ಬಂದಿದ್ದಳು. ಎಲ್ಲರೂ ಮುಖ ತಿರುಗಿಸಿದ್ದರಂತೆ. ಇಲ್ಲಿಯ ಸಂಗತಿಯನ್ನೆಲ್ಲ ತಾಯಿ ಫೋನಿನಲ್ಲಿ ಹೇಳಿದ್ದಳಂತೆ.

ಅಣ್ಣಾಚಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಫೋಟೋ ಚೆನ್ನಾಗಿ ಬಂದಿದೆ ಮಾಮಾ. ನಂದು ಇಷ್ಟು ಚೆನ್ನಾಗಿ ಬಂದಿರ್ಲಿಲ್ಲ."

ಅಣ್ಣಾಚಿ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದ.  "ನಿನ್ನನ್ನ ಅಷ್ಟು ವರ್ಷ… ನಾನೂ ಮುಖ ತಿರುಗಿಸಿದವನೇ ತಾಯೀ," ಎಂದ.

"ಗೊತ್ತು ಮಾಮಾ," ಎಂದಳು ಅವಳು. "ಮೊದಲ ವಾರ ಕಷ್ಟ. ಆಮೇಲೆ ಅಭ್ಯಾಸ ಆಗತ್ತೆ."

ಒಳಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಸೊರ್ಣಮ್ಮಾಳನ್ನು ಎಬ್ಬಿಸಿ ಕೂರಿಸಿದಳು. ಕೆದರಿದ ಕೂದಲನ್ನು ಬೆರಳಿನಲ್ಲೇ ಬಿಡಿಸಿ, ಜಡೆ ಹೆಣೆದಳು. ಬಾಳೆಲೆಯ ಪೊಟ್ಟಣ ಬಿಚ್ಚಿದರೆ ಒಂದು ಮೊಳ ಮಲ್ಲಿಗೆ. ಸೊರ್ಣಮ್ಮಾಳ್ ಅದನ್ನು ನೋಡಿ ಹಿಂದಕ್ಕೆ ಸರಿದಳು.

"ಬೇಡ ಮಗಳೇ. ನೋಡಿದವರು ಏನಂತಾರೆ?"

"ಯಾರು ನೋಡ್ತಾರೆ ಅತ್ತೆ?" ಎಂದಳು ಮಲರ್‌ಕೊಡಿ, ಹೂವನ್ನು ಜಡೆಗೆ ಸಿಕ್ಕಿಸುತ್ತಾ. "ಕೊಡೋಳೂ ಸತ್ತಿದ್ದಾಳೆ, ಗಂಡನೂ ಸತ್ತಿದ್ದಾನೆ. ತಲೆ ಬಗ್ಗಿಸಿ."

ಸೊರ್ಣಮ್ಮಾಳ್ ತಲೆ ಬಗ್ಗಿಸಿದಳು. ನಾನು ಹಿತ್ತಿಲ ಬಾಗಿಲಿನ ಕಡೆ ಹೊರಟವನು ನಿಂತೆ. ಆಮೇಲೆ ಮುಂಬಾಗಿಲು ತೆರೆದು, ಎಲ್ಲರೂ ಕಾಣುವಂತೆ ಅಲ್ಲಿಂದಲೇ ಹೊರಗೆ ಹೋದೆ.